ಆಟಗಾರರನ್ನು ಎದುರಿಗೆ ಕಂಡಾಗ: ನನ್ನ ಮಗನಿಗೆ ಏನು ಹೇಳಲಿ?

ಪ್ರಶ್ನೆ: ಕುಮಟಾದ ಒಬ್ಬ ತಂದೆ

ಭತ್ತದ ಕೊಯ್ಲು ಮುಗಿದು ಗದ್ದೆಗಳು ಒಣಗಿದ ಮೇಲೆ ನಮ್ಮ ಕರಾವಳಿಯಲ್ಲಿ ಒಂದರ ಹಿಂದೊಂದು ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ನಡೆಯುವುದು ಇಲ್ಲಿನವರಿಗೆಲ್ಲ ಗೊತ್ತಿದೆ. ಕಳೆದ ಹಂಗಾಮಿನಲ್ಲಿ ನಮ್ಮ ಊರಿನಿಂದ ಸ್ವಲ್ಪ ದೂರದಲ್ಲಿ ನಡೆದ ಅಂಥ ಒಂದು ಪಂದ್ಯಾವಳಿಗೆ, ಪ್ರೊ ಕಬಡ್ಡಿಯಲ್ಲಿ ಆಡಿದ ರೈಡರ್ ಒಬ್ಬರು ಹೊರಜಿಲ್ಲೆಯ ತಂಡದ ಪರವಾಗಿ ಬರುತ್ತಾರೆಂದು ಬ್ಯಾನರಿನಲ್ಲಿ ಹಾಕಿದ್ದರು. ನನ್ನ ಮಗನಿಗೆ ಹನ್ನೊಂದು ವರ್ಷ. ಪತ್ರಿಕೆಯಿಂದ ಕತ್ತರಿಸಿದ ಆ ಆಟಗಾರರ ಚಿತ್ರವನ್ನು ಅವನು ಕಪಾಟಿನ ಬಾಗಿಲಿಗೆ ಅಂಟಿಸಿಕೊಂಡಿದ್ದ. ಅವರು ದಾಳಿಗೆ ಹೋಗುವ ಮೊದಲು ಗೆರೆಯನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುವ ರೀತಿಯನ್ನೂ ಅಂಗಳದಲ್ಲಿ ಹಾಗೆಯೇ ಮಾಡುತ್ತಿದ್ದ.

ಅಂದು ರಾತ್ರಿ ಅವನು ಒಂದು ಹೊಸ ನೋಟ್ ಪುಸ್ತಕವನ್ನೂ ಪೆನ್ನನ್ನೂ ಹಿಡಿದುಕೊಂಡು ಬಂದಿದ್ದ. ಒಂದು ಗಂಟೆ ದಾಟಿದ ಮೇಲೆ ಆ ತಂಡದ ಆಟ ಮುಗಿಯಿತು. ಆಟಗಾರರು ಹೊರಬರುವ ದಾರಿಯಲ್ಲಿ ನಿಂತು ಪುಸ್ತಕವನ್ನು ಮುಂದೆ ಚಾಚಿದಾಗ ಅವರು, 'ಹೋಗೋ ಆಚೆ' ಎಂದು ಹಿಂಗೈಯಿಂದ ಅದನ್ನು ತಳ್ಳಿದರು. ಪುಸ್ತಕ ಮಣ್ಣಿಗೆ ಬಿತ್ತು. ಅವರ ಜತೆಯಲ್ಲಿದ್ದ ಇಬ್ಬರು ನಕ್ಕರು. ಮಗ ಮನೆಗೆ ಬರುವವರೆಗೂ ಮಾತನಾಡಲಿಲ್ಲ; ಬೆಳಿಗ್ಗೆ ಎದ್ದು ನೋಡಿದರೆ ಕಪಾಟಿನ ಬಾಗಿಲಿನ ಮೇಲೆ ಅಂಟಿನ ಕಲೆ ಮಾತ್ರ ಉಳಿದಿತ್ತು. 'ಅಪ್ಪಾ, ನಾನು ಏನು ತಪ್ಪು ಮಾಡ್ದೆ?' ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಆಟವನ್ನು ಹೊಟ್ಟೆಪಾಡಾಗಿ ಮಾಡಿಕೊಂಡವರನ್ನು ಹತ್ತಿರದಿಂದ ಕಂಡವರು, ಅವರೊಡನೆ ಮಾತನಾಡಿದವರು ಇಲ್ಲಿ ಇದ್ದೀರಿ. ನಿಮಗೆ ಆದ ಒಳ್ಳೆಯ ಅನುಭವವನ್ನೂ ಕೆಟ್ಟ ಅನುಭವವನ್ನೂ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಇನ್ನು ಮುಂದೆ ಯಾರ ಹತ್ತಿರವೂ ಹೋಗಬೇಡ ಎಂದು ಮಗನಿಗೆ ಹೇಳುವುದು ಸರಿಯೇ?

ಉತ್ತರ: ಶಿರಸಿಯ ನಿವೃತ್ತ ಬ್ಯಾಂಕ್ ನೌಕರ

ಹೋಗಬೇಡ ಎಂದು ದಯವಿಟ್ಟು ಹೇಳಬೇಡಿ. ನನಗಾದ ಎರಡು ಅನುಭವಗಳನ್ನು ಬರೆಯುತ್ತೇನೆ. ಎರಡೂ ಹುಬ್ಬಳ್ಳಿಯಲ್ಲಿ ಆದವು.

ಹುಬ್ಬಳ್ಳಿಯ ರಾಜನಗರದ ಕ್ರೀಡಾಂಗಣದಲ್ಲಿ ರಣಜಿ ಪಂದ್ಯವಿದ್ದಾಗಲೆಲ್ಲ ನಾನು ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದೆ. ಶಿರಸಿಯಿಂದ ಸುಮಾರು ನೂರು ಕಿಲೋಮೀಟರ್. ರಣಜಿ ಪಂದ್ಯದ ಸೊಗಸೇ ಬೇರೆ: ಜನ ಕಡಿಮೆ, ಗದ್ದಲ ಕಡಿಮೆ, ಬೌಂಡರಿ ಗೆರೆಯ ಹತ್ತಿರ ನಿಂತ ಆಟಗಾರರ ಉಸಿರೂ ಕೇಳಿಸುವಷ್ಟು ಸಮೀಪ. ಒಮ್ಮೆ ನನ್ನ ತಂಗಿಯ ಮಗ ಜತೆಗಿದ್ದ. ಫೈನ್ ಲೆಗ್‌ನಲ್ಲಿ ನಿಂತಿದ್ದ ಕರ್ನಾಟಕದ ಬೌಲರ್ ಒಬ್ಬರನ್ನು ಕಂಡು ಅವನು ಹಸ್ತಾಕ್ಷರ ಬೇಕೆಂದು ಕೂಗಿದ. ಅವರು ತಿರುಗದೆಯೇ, 'ಈಗ ಆಗಲ್ಲ ಮರಿ, ಚಹಾ ವಿರಾಮಕ್ಕೆ ಬರ್ತೀನಿ' ಎಂದರು. ಇದು ಮಾತಿಗೆ ಹೇಳಿದ್ದೆಂದು ನಾನು ತಿಳಿದೆ. ಆದರೆ ಚಹಾ ವಿರಾಮದಲ್ಲಿ ಉಳಿದವರೆಲ್ಲ ಒಳಗೆ ಹೋದಾಗ ಅವರೊಬ್ಬರು ಬೇಲಿಯ ಉದ್ದಕ್ಕೂ ನಡೆದು ಬಂದು, ಕೆಂಪು ಅಂಗಿಯ ಹುಡುಗ ಎಲ್ಲಿ ಎಂದು ಕೇಳಿ, ಹುಡುಕಿ ಹಸ್ತಾಕ್ಷರ ಹಾಕಿದರು. ಅಂದು ಅವರು ಇಪ್ಪತ್ತಕ್ಕೂ ಹೆಚ್ಚು ಓವರ್ ಎಸೆದಿದ್ದರು.

ಎರಡನೆಯದು ನೋವಿನ ಸಂಗತಿ. ಇನ್ನೊಂದು ಪಂದ್ಯದ ಸಮಯದಲ್ಲಿ ಆಟಗಾರರು ಇಳಿದುಕೊಂಡಿದ್ದ ಹೋಟೆಲಿಗೆ ಹೋಗಿ, ನಾನು ಬಹಳ ಮೆಚ್ಚಿದ್ದ ಬ್ಯಾಟ್ಸ್‌ಮನ್ ಒಬ್ಬರಿಗೆ ಮನೆಯಲ್ಲೇ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಕೊಡಲು ಮುಂದಾದೆ. ಅವರು ಭರಣಿಯನ್ನು ನೋಡಿದರು, ನನ್ನನ್ನು ನೋಡಿದರು, ಒಂದು ಮಾತೂ ಆಡದೆ ಲಿಫ್ಟಿನೊಳಗೆ ಹೋಗಿಬಿಟ್ಟರು. ಬಸ್ಸಿನಲ್ಲಿ ಆ ಭರಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಶಿರಸಿಗೆ ಮರಳಿದ ಸಂಜೆಯನ್ನು ನಾನು ಮರೆತಿಲ್ಲ. ಹೋಟೆಲಿನ ಪಡಸಾಲೆಯಲ್ಲಿ ಹತ್ತಿರ ಬರುವ ಅಪರಿಚಿತರ ಬಗ್ಗೆ, ಅವರು ಕೊಡುವ ಉಡುಗೊರೆಗಳ ಬಗ್ಗೆ ಎಚ್ಚರವಾಗಿರಬೇಕೆಂದು ಕ್ರಿಕೆಟ್ ಆಟಗಾರರಿಗೆ ಭ್ರಷ್ಟಾಚಾರ ತಡೆ ಅಧಿಕಾರಿಗಳು ಪಾಠವನ್ನೇ ಮಾಡುತ್ತಾರೆ. ಪಂದ್ಯ ನಡೆಯುವಾಗ ಅವರ ಮೊಬೈಲ್ ಫೋನುಗಳನ್ನು ಕೂಡ ತೆಗೆದಿಡುತ್ತಾರೆ. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಅನಂತರ. ಮೋಸದಾಟದ ಜಾಲ ಮೊದಲು ಬೀಸುವುದು ಸಣ್ಣ ಕಾಣಿಕೆಯ ರೂಪದಲ್ಲೇ ಅಂತೆ. ಹಾಗಾಗಿ ಅವರು ಭರಣಿಯನ್ನು ತೆಗೆದುಕೊಳ್ಳದಿದ್ದುದು ಸರಿಯೇ. ಆದರೆ 'ನಮಗೆ ತಗೊಳ್ಳೋ ಹಾಗಿಲ್ಲ ಸರ್' ಎಂಬ ಒಂದು ವಾಕ್ಯ ಹೇಳಲು ಎಷ್ಟು ಹೊತ್ತು ಬೇಕಾಗುತ್ತಿತ್ತು? ಬೌಲರ್ ಕೂಡ ಮೊದಲು 'ಆಗಲ್ಲ' ಎಂದೇ ಹೇಳಿದ್ದರು. ಒಬ್ಬರು ನಿರಾಕರಿಸಿದರು, ಇನ್ನೊಬ್ಬರು ಅವಮಾನಿಸಿದರು. ನಿಮ್ಮ ಮಗನಿಗೆ ಆದದ್ದು ಎರಡನೆಯದು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಮಾತು. ನಮ್ಮ ತಾಲೂಕಿನವರೇ ಆದ ಕಾಶೀನಾಥ ನಾಯ್ಕ ಅವರು 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಜಾವೆಲಿನ್ ಎಸೆತದಲ್ಲಿ ಕಂಚಿನ ಪದಕ ಗೆದ್ದವರು. ಶಿರಸಿಯ ಹಳೆ ಬಸ್ ನಿಲ್ದಾಣದಲ್ಲಿ ಅವರು ನಿಂತಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಗುರುತಿಸಿಯಾರು? ಟಿವಿಯಲ್ಲಿ ಕಂಡ ಮುಖದ ಹಿಂದೆ ಮಾತ್ರ ಓಡುವ ನಮ್ಮ ಅಭ್ಯಾಸದ ಬಗ್ಗೆಯೂ ಯೋಚಿಸಬೇಕೆಂದು ನನಗೆ ಅನ್ನಿಸುತ್ತದೆ.

ಉತ್ತರ: ಅಂಕೋಲಾದ ಪಂದ್ಯಾವಳಿ ಸಂಘಟಕ

ಮಗುವಿನ ಪುಸ್ತಕವನ್ನು ಮಣ್ಣಿಗೆ ಬೀಳಿಸಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ನಾನು ಹತ್ತು ವರ್ಷ ಕಬಡ್ಡಿ ಆಡಿ, ಈಗ ಪಂದ್ಯಾವಳಿ ನಡೆಸುವವರ ಜತೆ ಓಡಾಡುತ್ತಿರುವವನು. ಆ ರಾತ್ರಿ ಒಂದು ಗಂಟೆಗೆ ಆ ಆಟಗಾರ ಯಾವ ಸ್ಥಿತಿಯಲ್ಲಿದ್ದಿರಬಹುದು ಎಂಬುದನ್ನು ಹೇಳದಿದ್ದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಬ್ಯಾನರಿನಲ್ಲಿ ಸಂಜೆ ಏಳಕ್ಕೆ ಆರಂಭ ಎಂದು ಹಾಕಿರುತ್ತೇವೆ. ಉದ್ಘಾಟನೆ, ಭಾಷಣ, ದಾನಿಗಳಿಗೆ ಶಾಲು, ಹಿರಿಯ ಆಟಗಾರರಿಗೆ ಸನ್ಮಾನ ಎಲ್ಲ ಮುಗಿಯುವ ಹೊತ್ತಿಗೆ ಹತ್ತೂವರೆ. ಹೊರಗಿನಿಂದ ಕರೆಸಿದ ಆಟಗಾರ ಹಿಂದಿನ ರಾತ್ರಿ ಬೇರೆ ಜಿಲ್ಲೆಯಲ್ಲಿ ಆಡಿ, ಹಗಲೆಲ್ಲ ಬಸ್ಸಿನಲ್ಲಿ ಕುಳಿತು, ಮಧ್ಯಾಹ್ನ ಸರಿಯಾಗಿ ಉಣ್ಣದೆ ಬಂದಿರುತ್ತಾನೆ. ಸಂಜೆಯಿಂದ ಅವನನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸುತ್ತೇವೆ. ದೇಹ ತಣ್ಣಗಾಗುತ್ತದೆ, ಸ್ನಾಯು ಬಿಗಿಯುತ್ತದೆ. ದಾನಿಗಳು, ಅವರ ಮನೆಯವರು, ಪಂಚಾಯತಿ ಸದಸ್ಯರು, ಜನರೇಟರ್ ತಂದವರು, ಎಲ್ಲರೂ ಒಬ್ಬೊಬ್ಬರಾಗಿ ಸೆಲ್ಫಿ ತೆಗೆಸಿಕೊಳ್ಳುತ್ತಾರೆ. ಆಮೇಲೆ ಕಣಕ್ಕೆ ಇಳಿಯಬೇಕು. ಒಂದು ದಾಳಿಗೆ 30 ಸೆಕೆಂಡು. ಆ ಅಷ್ಟೂ ಹೊತ್ತು 'ಕಬಡ್ಡಿ ಕಬಡ್ಡಿ' ಎಂಬ ಉಸಿರು ಮುರಿಯದೆ ಏಳು ಜನರ ನಡುವೆ ಹೋಗಿ ಬರುವುದು ಹೊರಗಿನಿಂದ ನೋಡಲು ಸುಲಭ. ಯಾರೋ ಪಾದದ ಗಂಟನ್ನು ಹಿಡಿದು ತಿರುವಿರುತ್ತಾರೆ, ಯಾರದೋ ಮೊಣಕೈ ತುಟಿಗೆ ಬಡಿದಿರುತ್ತದೆ. ಸೋತರಂತೂ ಮುಗಿದೇ ಹೋಯಿತು: ಒಪ್ಪಿದ ಹಣದಲ್ಲಿ ಅರ್ಧವನ್ನು ಮುರಿದುಕೊಂಡ ತಂಡಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾನು ಆಡುತ್ತಿದ್ದಾಗ ಸೋತು ಹೊರಬಂದ ಮೊದಲ ಐದು ನಿಮಿಷ ನನ್ನ ಸ್ವಂತ ಅಣ್ಣ ಮಾತನಾಡಿಸಿದರೂ ನನಗೆ ಸಹನೆಯಾಗುತ್ತಿರಲಿಲ್ಲ.

ಇನ್ನೊಂದು ಕಾರಣವನ್ನೂ ಗಮನಿಸಬೇಕು. ಪ್ರೊ ಕಬಡ್ಡಿ ಶುರುವಾದದ್ದು 2014ರಲ್ಲಿ. ಅದಕ್ಕೂ ಮೊದಲು ನಮ್ಮ ಕಬಡ್ಡಿ ಆಟಗಾರರಿಗೆ, ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದವರಿಗೆ ಕೂಡ, ರೈಲಿನಲ್ಲಿ ಯಾರೂ ಜಾಗ ಬಿಟ್ಟುಕೊಟ್ಟದ್ದಿಲ್ಲ. ಹಳ್ಳಿಯಿಂದ ಬಂದ ಇಪ್ಪತ್ತೆರಡರ ಹುಡುಗನ ಮುಖ ಒಂದೇ ಹಂಗಾಮಿನಲ್ಲಿ ಮನೆಮನೆಯ ಟಿವಿಗೆ ಬರುತ್ತದೆ. ಕಾಲು ಹೇಗೆ ಚಾಚಬೇಕು, ಬೋನಸ್ ಗೆರೆಯನ್ನು ಹೇಗೆ ಮುಟ್ಟಬೇಕು ಎಂದು ಹೇಳಿಕೊಡುವ ಕೋಚ್ ಇರುತ್ತಾನೆ. ಜನ ಗುರುತಿಸಿ ಮುತ್ತಿಕೊಂಡಾಗ ಹೇಗೆ ನಿಲ್ಲಬೇಕು ಎಂದು ಹೇಳಿಕೊಡುವವರು ಇರುವುದಿಲ್ಲ.

ನಮ್ಮ ಊರಿನಲ್ಲಿ ನಾವು ಒಂದು ಬದಲಾವಣೆ ಮಾಡಿದೆವು. ಹೊರಗಿನ ಆಟಗಾರರನ್ನು ಸಂಜೆ ಆರಕ್ಕೇ ಶಾಲೆಯ ಜಗಲಿಗೆ ಕರೆದುಕೊಂಡು ಬಂದು, ಚಹಾ, ಅವಲಕ್ಕಿ ಕೊಟ್ಟು, ಅರ್ಧ ಗಂಟೆ ಮಕ್ಕಳೊಂದಿಗೆ ಬಿಡುತ್ತೇವೆ. ದೊಡ್ಡವರಿಗೆ ಒಳಗೆ ಪ್ರವೇಶವಿಲ್ಲ, ದಾನಿಗಳಿಗೂ ಇಲ್ಲ. ಇದಕ್ಕಾಗಿ ಇಬ್ಬರು ದಾನಿಗಳ ಮುನಿಸನ್ನೂ ಕಟ್ಟಿಕೊಂಡೆವು. ಆದರೆ ವೇದಿಕೆಯ ಮೇಲೆ ಮುಖ ಗಂಟಿಕ್ಕಿಕೊಂಡು ಕೂರುವ ಅದೇ ಆಟಗಾರರು ಜಗಲಿಯಲ್ಲಿ ಮಕ್ಕಳಿಗೆ ಪಾದದ ಗಂಟು ಹಿಡಿಯುವ ಪಟ್ಟನ್ನು ತೋರಿಸುತ್ತ ನಗುವುದನ್ನು ನಾನು ನೋಡಿದ್ದೇನೆ. ನಿಮ್ಮ ಮಗನನ್ನು ಮುಂದಿನ ಸಲ ಆಟದ ಅನಂತರ ಕಳುಹಿಸಬೇಡಿ. ಆಟಕ್ಕೆ ಒಂದೆರಡು ಗಂಟೆ ಮೊದಲು ಕಳುಹಿಸಿ.

ಉತ್ತರ: ಸದಾಶಿವಗಡದ ಓದುಗರು

ಕಾರವಾರದ ಮೀನೂಟದ ಹೋಟೆಲೊಂದರಲ್ಲಿ ಹೆಸರಾಂತ ಕ್ರೀಡಾಪಟುವೊಬ್ಬರು ಹೆಂಡತಿ ಮಕ್ಕಳೊಂದಿಗೆ ಉಣ್ಣುತ್ತಿದ್ದುದನ್ನು ಕಂಡು ಜನ ಮುತ್ತಿಕೊಂಡರು. ಅವರು ಎಂಜಲು ಕೈಯನ್ನು ಮೇಲೆತ್ತಿ ತೋರಿಸಿ, ಉಂಡು ಬರುತ್ತೇನೆ ಎಂದು ಎರಡು ಸಲ ನಯವಾಗಿ ಹೇಳಿದರು; ಮೂರನೆಯ ಸಲ ದನಿ ಏರಿತು. ಅದೇ ದನಿ ಮೊಬೈಲಿನಲ್ಲಿ ಸೆರೆಯಾಗಿ, ಸಂಜೆಯ ಹೊತ್ತಿಗೆ ಅವರ ಸೊಕ್ಕಿನ ಬಗ್ಗೆ ಊರೆಲ್ಲ ಮಾತಾಯಿತು. ಉಣ್ಣುವ ಬಾಳೆಯ ಮುಂದಿನಿಂದ ಯಾರನ್ನೂ ಎಬ್ಬಿಸಬಾರದೆಂದು ನಮ್ಮ ಮನೆಗಳಲ್ಲಿ ಹೇಳಿ ಬೆಳೆಸಿದ್ದಾರೆ. ಅಂದು ಅವರ ಮಗಳು ಅರ್ಧ ಊಟಕ್ಕೇ ಎದ್ದು ಹೋದಳು.

ಉತ್ತರ: ಹಳಿಯಾಳದ ದೈಹಿಕ ಶಿಕ್ಷಣ ಶಿಕ್ಷಕಿ

ಅಂಕೋಲಾದವರು ಆಟಗಾರರ ಒಳಗಿನ ಕಷ್ಟವನ್ನು ಬರೆದಿದ್ದಾರೆ. ಹೆಣ್ಣುಮಕ್ಕಳ ವಿಷಯವನ್ನು ನಾನು ಸೇರಿಸಬೇಕು. ನನ್ನ ಕೈಯಲ್ಲಿ ಕಲಿತು ಈಗ ಆಟದ ಆಧಾರದ ಮೇಲೆ ಕೆಲಸ ಪಡೆದು ಆಡುತ್ತಿರುವ ಹುಡುಗಿಯರು ಇದ್ದಾರೆ. ಜಾತ್ರೆಯಲ್ಲೋ ಮದುವೆಯಲ್ಲೋ ಅವರನ್ನು ಗುರುತಿಸಿದ ಗಂಡಸರು ಸೆಲ್ಫಿಯ ನೆಪದಲ್ಲಿ ಹೆಗಲ ಮೇಲೆ ಕೈ ಹಾಕುತ್ತಾರೆ. ಹುಡುಗಿ ಅರ್ಧ ಹೆಜ್ಜೆ ಸರಿದರೆ, 'ಪದಕ ಬಂದ ಮೇಲೆ ಸೊಕ್ಕು ಬಂತು' ಎನ್ನುತ್ತಾರೆ. 'ಅಕ್ಕೋರೇ, ನಾನು ನಗಬೇಕಾ, ಕೈ ತೆಗೀರಿ ಅಂತ ಹೇಳಬೇಕಾ?' ಎಂದು ಒಬ್ಬಳು ಕೇಳಿದ್ದಳು. ಕೈ ತೆಗೆಯಿರಿ ಎಂದು ಗಟ್ಟಿಯಾಗಿ ಹೇಳು, ಆಮೇಲೆ ಚಿತ್ರಕ್ಕೆ ನಿಲ್ಲುವುದೂ ಬಿಡುವುದೂ ನಿನ್ನ ಇಷ್ಟ ಎಂದೆ.

ನಮ್ಮ ಭಾಗದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಓಟಗಾರರಿಗೆ ಆಗುವುದು ಇನ್ನೊಂದು ಬಗೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡಲು ಆರಂಭಿಸಿದಾಗ ಇಲ್ಲಿನ ಮನೆಗಳಲ್ಲಿ ಎಷ್ಟೊಂದು ಆಸೆ ಹುಟ್ಟಿತ್ತೆಂಬುದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಕೆಲವೇ ವರ್ಷಗಳಲ್ಲಿ ಅದು ನಿಂತುಹೋದ ನೋವನ್ನೂ ಹೇಳುತ್ತಾರೆ. ಇಂದಿಗೂ ಹೊರಗಿನ ಕೂಟಕ್ಕೆ ಹೋದ ಯಲ್ಲಾಪುರದ ಹುಡುಗಿಯನ್ನು ಜನ ಸುತ್ತುವರಿದು, ಯಾವ ದೇಶದವಳು ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ, ಕೂದಲನ್ನು ಮುಟ್ಟಿ ನೋಡುತ್ತಾರೆ. ನಾನು ನೋಡಿದ ಒಬ್ಬಳು, 'ನಾನು ಕರ್ನಾಟಕದವಳೇ, ಮುಟ್ಟಬೇಡಿ' ಎಂದು ಕನ್ನಡದಲ್ಲೇ ಹೇಳಿ ಓಟಕ್ಕೆ ಹೋದಳು. ಅಭಿಮಾನದಿಂದಲೇ ಹತ್ತಿರ ಬಂದಿದ್ದೇವೆಂದು ಆ ಜನ ನಂಬಿದ್ದರು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ.

ಶಿರಸಿಯ ಹಿರಿಯರ ಅಪ್ಪೆಮಿಡಿಯ ಭರಣಿಯ ಬಗ್ಗೆ ಓದಿ ಮನಸ್ಸಿಗೆ ನೋವಾಯಿತು. ಹಣದ ಭಯ ಮಾತ್ರವಲ್ಲ, ಮದ್ದಿನ ಭಯವೂ ಆಟಗಾರರಿಗೆ ಇದೆ. ದೇಹದೊಳಗೆ ನಿಷೇಧಿತ ವಸ್ತು ಹೇಗೆ ಹೋಯಿತು ಎಂಬುದಕ್ಕೆ ಆಟಗಾರರೇ ಹೊಣೆ ಎಂಬುದು ಉದ್ದೀಪನ ಮದ್ದು ತಡೆ ನಿಯಮ. ತಪ್ಪಿದರೆ ನಾಲ್ಕು ವರ್ಷದವರೆಗೂ ನಿಷೇಧ. ಆದ್ದರಿಂದ ಮುಚ್ಚಳ ತೆರೆದ ಬಾಟಲಿಯಿಂದ ಕುಡಿಯಬೇಡಿ, ಗುರುತಿಲ್ಲದವರು ಕೊಟ್ಟ ತಿನಿಸನ್ನು ಮುಟ್ಟಬೇಡಿ ಎಂದು ನಾವೇ ಹೇಳಿಕೊಡುತ್ತೇವೆ. ಹಳಿಯಾಳದ ಕುಸ್ತಿ ನೋಡಲು ಬಂದ ಅಜ್ಜಿಯೊಬ್ಬರು ಪೈಲ್ವಾನನಿಗೆ ಪ್ರೀತಿಯಿಂದ ಒಂದು ಲೋಟ ಹಾಲು ತಂದುಕೊಟ್ಟಾಗ, ಅವನು ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡು, 'ಕುಡಿಯೋ ಹಾಗಿಲ್ಲ ಅಜ್ಜಿ, ನಿಮ್ಮ ಮೊಮ್ಮಗನಿಗೆ ಕೊಡಿ' ಎಂದು ಹಿಂದಿರುಗಿಸಿದ. ಅಜ್ಜಿ ಬೇಸರಪಡಲಿಲ್ಲ. ಆ ಪೈಲ್ವಾನನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಉತ್ತರ: ಕಾರವಾರದ ಫುಟ್‌ಬಾಲ್ ಪ್ರೇಕ್ಷಕ

ಆಟಗಾರರ ಒರಟುತನದ ಬಗ್ಗೆ ಕೇಳಿದ್ದೀರಿ; ನಾನು ನನ್ನದೇ ಒರಟುತನದ ಬಗ್ಗೆ ಬರೆಯಬೇಕಾಗಿದೆ. ಕಾರವಾರದಲ್ಲಿ ಫುಟ್‌ಬಾಲ್ ಹುಚ್ಚು ಇರುವವರಿಗೆ ಮಡಗಾಂವಿನ ಫಾತೋರ್ಡಾ ಕ್ರೀಡಾಂಗಣವೇ ಹತ್ತಿರ. ಒಮ್ಮೆ ನಾವು ಐವರು ಗೆಳೆಯರು ಗೆರೆಯ ಪಕ್ಕದ ಸಾಲಿನಲ್ಲಿ ಕುಳಿತು, ಎದುರಾಳಿ ತಂಡದ ರಕ್ಷಣಾ ಆಟಗಾರನೊಬ್ಬನಿಗೆ ಮೊದಲ ನಿಮಿಷದಿಂದಲೇ ಕೊಂಕಣಿಯಲ್ಲಿ ಬೈಯಲು ತೊಡಗಿದೆವು. ಅವನು ಹೊರರಾಜ್ಯದ ತಂಡದವನು, ನಮ್ಮ ಮಾತು ತಿಳಿಯುವುದಿಲ್ಲ ಎಂಬ ಧೈರ್ಯ. ಅವನ ಓಟವನ್ನು ಬೈದೆವು, ಬಣ್ಣವನ್ನು ಬೈದೆವು, ಕೊನೆಗೆ ತಾಯಿಯನ್ನೂ ಬಿಡಲಿಲ್ಲ. ದ್ವಿತೀಯಾರ್ಧದಲ್ಲಿ ಚೆಂಡು ನಮ್ಮ ಮುಂದೆಯೇ ಹೊರಗೆ ಬಂತು. ಥ್ರೋ ಮಾಡಲು ಬಂದವನು ಚೆಂಡನ್ನು ಎತ್ತಿಕೊಂಡು, ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಕೊಂಕಣಿಯಲ್ಲೇ, 'ನನಗೆ ಎಲ್ಲ ಕೇಳಿಸುತ್ತದೆ' ಎಂದ. ಅಷ್ಟೇ. ಚೆಂಡನ್ನು ಎಸೆದು ಓಡಿದ. ಉಳಿದ ಅರ್ಧ ಗಂಟೆ ನಾವು ಬಾಯಿ ತೆರೆಯಲಿಲ್ಲ.

ಎಲ್ಲರೂ ಅವನಂತೆ ತಡೆದುಕೊಳ್ಳುವುದಿಲ್ಲ. 1997ರಲ್ಲಿ ಟೊರಾಂಟೋದಲ್ಲಿ ನಡೆದ ಭಾರತ–ಪಾಕಿಸ್ತಾನ ಕ್ರಿಕೆಟ್ ಸರಣಿಯಲ್ಲಿ ಪ್ರೇಕ್ಷಕನೊಬ್ಬ ಧ್ವನಿವರ್ಧಕ ಹಿಡಿದು 'ಆಲೂ' ಎಂದು ಹೀಯಾಳಿಸಿದಾಗ ಪಾಕಿಸ್ತಾನದ ಇಂಜಮಾಮ್ ಉಲ್ ಹಕ್ ಬ್ಯಾಟ್ ಹಿಡಿದು ಗ್ಯಾಲರಿಗೇ ನುಗ್ಗಿದ್ದರು. ಅವರಿಗೆ ಎರಡು ಪಂದ್ಯಗಳ ನಿಷೇಧ ಬಿತ್ತು. ಅವರು ಮಾಡಿದ್ದು ತಪ್ಪು. ಆದರೆ ಫಾತೋರ್ಡಾದ ಆ ಸಂಜೆಯ ಅನಂತರ ಆ ಪ್ರಸಂಗವನ್ನು ನೆನೆದಾಗ ನನಗೆ ನಗು ಬರುವುದಿಲ್ಲ.

ಪ್ರೇಕ್ಷಕರು ಎಷ್ಟು ಬೇಕಾಗುತ್ತಾರೆಂದು ಆಟಗಾರರಿಗೂ ಗೊತ್ತಿದೆ. 2018ರ ಜೂನ್ ತಿಂಗಳಿನಲ್ಲಿ ಮುಂಬೈಯಲ್ಲಿ ಭಾರತ ಫುಟ್‌ಬಾಲ್ ತಂಡವು ಚೈನೀಸ್ ತೈಪೆಯನ್ನು 5–0ರಿಂದ ಸೋಲಿಸಿದಾಗ ಗ್ಯಾಲರಿಯಲ್ಲಿ ಎರಡೂವರೆ ಸಾವಿರದಷ್ಟು ಜನ ಮಾತ್ರ ಇದ್ದರು. ಆಗ ನಾಯಕ ಸುನಿಲ್ ಛೆಟ್ರಿ ಒಂದು ವಿಡಿಯೊದಲ್ಲಿ, ಬನ್ನಿ, ಬೇಕಾದರೆ ನಮ್ಮನ್ನು ಬೈಯಿರಿ, ಕೂಗಿ, ಆದರೆ ಕ್ರೀಡಾಂಗಣಕ್ಕೆ ಬನ್ನಿ ಎಂದು ಕೈಮುಗಿದು ಕೇಳಿಕೊಂಡರು. ಕೆನ್ಯಾ ವಿರುದ್ಧದ ಮುಂದಿನ ಪಂದ್ಯ, ಅವರ ನೂರನೆಯ ಅಂತರರಾಷ್ಟ್ರೀಯ ಪಂದ್ಯ, ತುಂಬಿದ ಗ್ಯಾಲರಿಯ ಮುಂದೆ ನಡೆಯಿತು. ಹಾಗೆ ಕರೆಯುವ ಆಟಗಾರರು ಇರುವಾಗ ನಿಮ್ಮ ಮಗ ದೂರ ನಿಲ್ಲಬೇಕಾಗಿಲ್ಲ.

ಮೂಲ ಪ್ರಶ್ನೆ ಕೇಳಿದವರ ಮರುನುಡಿ: ಕುಮಟಾದ ಒಬ್ಬ ತಂದೆ

ಎಲ್ಲರಿಗೂ ವಂದನೆಗಳು. ಅಂಕೋಲಾದವರ ಮಾತುಗಳನ್ನು ಎರಡು ಸಲ ಓದಿದೆ. ನನ್ನ ಪ್ರಶ್ನೆಯಲ್ಲಿ ನಾನು ಬರೆಯದೆ ಬಿಟ್ಟ ಸಂಗತಿಯೊಂದಿದೆ. ಆ ತಂಡ ಅಂದು ಒಂದೇ ಅಂಕದಿಂದ ಸೋತಿತ್ತು. ಕೊನೆಯ ದಾಳಿಯಲ್ಲಿ ಹಿಡಿತಕ್ಕೆ ಸಿಕ್ಕವರು ಅದೇ ರೈಡರ್. ಅವರು ಕುಂಟುತ್ತ ಹೊರಬರುವುದನ್ನು ಕಂಡು ಮಗ, 'ಅಪ್ಪಾ, ಈಗ ಬೇಡ' ಎಂದಿದ್ದ. 'ಈಗ ಬಿಟ್ಟರೆ ಮತ್ತೆ ಸಿಗುವುದಿಲ್ಲ, ಹೋಗು' ಎಂದು ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದವನು ನಾನು. ನನ್ನ ಇನ್ನೊಂದು ಕೈಯಲ್ಲಿ ಮೊಬೈಲ್ ಇತ್ತು, ವಿಡಿಯೊ ಓಡುತ್ತಿತ್ತು.

ನಿನ್ನೆ ರಾತ್ರಿ ಇದನ್ನೇ ಅವನಿಗೆ ಹೇಳಿದೆ: ತಪ್ಪು ನಿನ್ನದಲ್ಲ, ಹೊತ್ತು ನೋಡದೆ ಕಳುಹಿಸಿದ್ದು ನಾನು, ಪುಸ್ತಕವನ್ನು ಬೀಳಿಸಿದ್ದು ಅವರ ತಪ್ಪು, ಅದಕ್ಕೆ ನೋವು ಕಾರಣವಾಗಿರಬಹುದು, ಆದರೂ ತಪ್ಪೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರ ಕಾಲಿಗೆ ಏನಾಗಿತ್ತು ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ.

ಅಂಕೋಲಾದವರಲ್ಲಿ ಒಂದು ವಿನಂತಿ: ಈ ವರ್ಷದ ನಿಮ್ಮ ಪಂದ್ಯಾವಳಿ ಯಾವ ದಿನವೆಂದು ಇಲ್ಲಿ ತಿಳಿಸಿದರೆ ಸಂಜೆ ಆರಕ್ಕೆ ಮಗನನ್ನು ಶಾಲೆಯ ಜಗಲಿಗೆ ಕರೆದುಕೊಂಡು ಬರುತ್ತೇನೆ. ನಾನು ಹೊರಗೆ ನಿಲ್ಲುತ್ತೇನೆ. ಅದೇ ನೋಟ್ ಪುಸ್ತಕವನ್ನು ತರುತ್ತಾನಂತೆ. ಮಣ್ಣು ಹತ್ತಿದ ಹಾಳೆಯನ್ನು ಹರಿದಿಲ್ಲ.